ಅಮಾಚಿ: ವಾರಕ್ಕೊಂದೇ ಗಂಟೆ, ಆದರೆ ವರ್ಷವಿಡೀ

ತಂದೆಯೋ ತಾಯಿಯೋ ಜೈಲಿನಲ್ಲಿರುವ ಮಕ್ಕಳಿಗೆ ಹಿರಿಯ ಜೊತೆಗಾರರನ್ನು ಒದಗಿಸುವ ಅಮಾಚಿ ಯೋಜನೆ ಶುರುವಾದದ್ದು 2000ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಮುಂದಾಳು ಆ ಊರಿನ ಮಾಜಿ ಮೇಯರ್ ವಿಲ್ಸನ್ ಗೂಡ್. ಅವರ ತಂದೆಯೂ ಜೈಲು ಕಂಡವರು. ಸ್ವಯಂಸೇವಕರು ಚರ್ಚುಗಳಿಂದ ಬಂದರು, ಅವರ ತಪಾಸಣೆ ಮತ್ತು ಮಕ್ಕಳೊಂದಿಗೆ ಜೋಡಣೆ, ಇದೇ ಕೆಲಸದಲ್ಲಿ ಪಳಗಿದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ ಪಾಲಿಗೆ. ಯೋಜನೆಯ ಜಾಣತನ ಈ ಹಂಚಿಕೆಯಲ್ಲೇ ಇದೆ.

ಸ್ವಯಂಸೇವಕರಾಗಿ ಸೇರುವುದು ಸಲೀಸಲ್ಲ. ಅರ್ಜಿ, ಸಂದರ್ಶನ, ಪರಿಚಿತರ ಶಿಫಾರಸು, ಅಪರಾಧ ದಾಖಲೆಯ ಪರಿಶೀಲನೆ, ತರಬೇತಿ, ಮಗುವನ್ನು ನೋಡಿಕೊಳ್ಳುವವರ ಒಪ್ಪಿಗೆ. ಕಿರಿಕಿರಿಯೇ, ಆದರೂ ಒಂದನ್ನೂ ಬಿಡುವಂತಿಲ್ಲ.

ಮಗುವಿನ ಜೊತೆ ವಾರಕ್ಕೆ ಒಂದು ಗಂಟೆ, ವರ್ಷವಿಡೀ, ಎಂದರೆ ಹಗುರ ಅನಿಸುತ್ತದೆ. ಎಡವುವುದು ಅಲ್ಲೇ. ಈಗಾಗಲೇ ಒಬ್ಬರನ್ನು ಕಳೆದುಕೊಂಡ ಮಗುವಿಗೆ ನೀವು ತಪ್ಪಿಸಿದ ಒಂದು ಶನಿವಾರವೂ ಲೆಕ್ಕಕ್ಕೆ ಸಿಗುತ್ತದೆ. ಮೂರು ತಿಂಗಳೊಳಗೇ ಮುರಿದ ಜೋಡಿಗಳಲ್ಲಿ ಮಕ್ಕಳ ಆತ್ಮಗೌರವ ಕುಗ್ಗಿದ್ದು 2002ರ ಒಂದು ಅಧ್ಯಯನದಲ್ಲಿ ಕಂಡಿದೆ. ಹೆಚ್ಚು ಲಾಭ ಸಿಕ್ಕಿದ್ದು ವರ್ಷ ದಾಟಿದವರಿಗೆ. ಆರು ತಿಂಗಳಲ್ಲಿ ಊರು ಬಿಡುವ ಅಂದಾಜಿದ್ದರೆ, ಕೈ ಹಾಕದಿರುವುದೇ ವಾಸಿ.

ಮೊದಲ ವಾರಗಳಲ್ಲಿ ಮಾತಿಗಿಂತ ಜೊತೆಯಾಗಿ ಏನಾದರೂ ಮಾಡುವುದು ಒಳ್ಳೆಯದು: ಚೆಂಡಾಟ, ಲೈಬ್ರರಿ, ಅಡುಗೆ. "ನಿಮ್ಮಪ್ಪ ಏನು ಮಾಡಿದ?" ಎಂದು ಕೇಳಲೇಬಾರದು, ಮಗುವೇ ಎತ್ತಿದರೆ ಕೇಳಿಸಿಕೊಳ್ಳಿ, ತೀರ್ಪು ಕೊಡಬೇಡಿ. ಅಪ್ಪ ಎಲ್ಲಿದ್ದಾನೆಂದು ಮನೆಯಲ್ಲಿ ಏನು ಹೇಳಿದ್ದಾರೆ ಎಂಬುದನ್ನು ಮೊದಲೇ ಸಂಸ್ಥೆಯ ಮೇಲ್ವಿಚಾರಕರಿಂದ ತಿಳಿದುಕೊಳ್ಳಬೇಕು, ಕೆಲವರು 'ದೂರದ ಊರಿನ ಕೆಲಸ' ಎಂದಿರುತ್ತಾರೆ. ದುಬಾರಿ ಉಡುಗೊರೆ ಬೇಡ, ಮನೆಯವರಿಗೆ ಮುಜುಗರ. ಹೊಡೆತದ ಗುರುತು ಕಂಡರೆ ಮಾತ್ರ ಗುಟ್ಟು ಕಾಯುವ ಮಾತೇ ಇಲ್ಲ, ಅಂದೇ ಸಂಸ್ಥೆಗೆ ತಿಳಿಸಬೇಕು.