ಲಾಕ್ ನಂಬಿ ಬೆರಳು ಕೊಯ್ದುಕೊಂಡೆ: ಮಡಚುವ ಚಾಕು ಕೊಳ್ಳುವವರು ಸ್ವಲ್ಪ ಓದಿ

ಬಲಗೈ ತೋರುಬೆರಳಿಗೆ ಐದು ಹೊಲಿಗೆ ಬಿದ್ದಿದೆ. ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಜೇಬಲ್ಲಿ ಚಾಕು ಇಲ್ಲದೆ ತೋಟಕ್ಕೆ ಇಳಿದರೆ ಕೆಲಸ ಸಾಗಲ್ಲ. ಗೊಬ್ಬರದ ಚೀಲದ ದಾರ, ಡ್ರಿಪ್ ಪೈಪು, ಮೆಣಸಿನ ಬಳ್ಳಿ ಕಟ್ಟುವ ಹಗ್ಗ, ಎಲ್ಲಕ್ಕೂ ಅದೇ ಬೇಕು. ಅಜ್ಜನ ಕಾಲದ ಹಿತ್ತಾಳೆ ಹಿಡಿಯ ಚಾಕು ಹೋದ ಮಳೆಗಾಲದಲ್ಲಿ ಎಲ್ಲೋ ಬಿದ್ದುಹೋಯಿತು. ಸರಿ ಅಂತ ಆನ್‌ಲೈನಲ್ಲಿ 449 ರೂಪಾಯಿಗೆ ಒಂದು ತರಿಸಿದೆ. ಕಪ್ಪು ಹಿಡಿ, ಅದರ ತುದಿಯಲ್ಲಿ ಕಾರಿನ ಗಾಜು ಒಡೆಯುವ ಮೊನೆ (ನನ್ನ ಹತ್ತಿರ ಇರೋದು ಸ್ಕೂಟರು), ಅಲಗಿನ ಮೇಲೆ ಅಲೆ ಅಲೆಯಾಗಿ ಗೆರೆ, ಪದರ ಪದರ ಬೆಸೆದು ಮಾಡುವ ಡಮಾಸ್ಕಸ್ ಉಕ್ಕು ಅಂತೆ. ಹೆಬ್ಬೆರಳಲ್ಲಿ ಸ್ವಲ್ಪ ತಳ್ಳಿದರೆ ಸಾಕು, ಉಳಿದದ್ದನ್ನು ಸ್ಪ್ರಿಂಗೇ ಎಳೆದುಕೊಂಡು ಟಕ್ ಅಂತ ತೆರೆಯುತ್ತೆ. ನಿಜ ಹೇಳಬೇಕೆಂದರೆ ನಾನು ಮರುಳಾಗಿದ್ದು ಆ ಟಕ್ ಸದ್ದಿಗೆ.

ಮೊದಲ ವಾರವೇ ಅದು ಜೇಬಲ್ಲಿ ತಾನಾಗೇ ಅರ್ಧ ತೆರೆದುಕೊಂಡು ಪ್ಯಾಂಟಿನ ಒಳಬಟ್ಟೆ ಸೀಳಿತು. ಆಗಲೇ ಎಸೆಯಬೇಕಿತ್ತು. ಬಿಗಿ ಮಾಡಿದರೆ ಸರಿಹೋಗುತ್ತೆ ಅಂತ ಸ್ಕ್ರೂ ತಿರುಗಿಸಿ ಮತ್ತೆ ಜೇಬಿಗೇ ಹಾಕಿಕೊಂಡೆ.

ಆಮೇಲೆ ಡ್ರಮ್ಮಿನ ದಿನ ಬಂತು. 200 ಲೀಟರಿನ ನೀಲಿ ಡ್ರಮ್ಮಿಗೆ ನಲ್ಲಿ ಕೂರಿಸಬೇಕಿತ್ತು. ಡ್ರಿಲ್ ತರೋಕೆ ಮನೆವರೆಗೆ ಯಾರು ಹೋಗ್ತಾರೆ ಅಂತ ಚಾಕುವಿನ ಮೊನೆಯನ್ನೇ ಒತ್ತಿ ತಿರುಗಿಸಿದೆ. ಅಲಗು ಒಳಗೆ ಹೋಯಿತು, ಹೋಗಿ ಕಚ್ಚಿಕೊಂಡಿತು. ಮೇಲೆ ಕೆಳಗೆ ಅಲ್ಲಾಡಿಸಿ ಎಳೆಯುವಾಗ ಬೆನ್ನಿನ ಕಡೆ ಒತ್ತಡ ಬಿತ್ತು ನೋಡಿ, ತೆರೆದ ಅಲಗನ್ನು ಮಡಚದಂತೆ ಹಿಡಿದಿಡುವ ಲಾಕ್ ಜಾರಿ ಅಲಗು ಬೆರಳಿನ ಮೇಲೇ ಮಡಚಿಕೊಂಡಿತು. ನೋವೇ ಆಗಲಿಲ್ಲ ಮೊದಲಿಗೆ. ಡ್ರಮ್ಮಿನ ಮೇಲೆ ಕೆಂಪು ಇಳಿಯೋದು ಕಂಡ ಮೇಲೇ ಗೊತ್ತಾಗಿದ್ದು. ಟಿಟಿ ಇಂಜೆಕ್ಷನ್, ಹೊಲಿಗೆ ಎಲ್ಲ ಆಯಿತು. ಬೆರಳು ಮಡಚುವ ನರ ಕೂದಲೆಳೆಯಲ್ಲಿ ತಪ್ಪಿದೆ ಅಂದರು ಡಾಕ್ಟರು. ತಪ್ಪಲ್ಲಿ ಅರ್ಧ ನನ್ನದು, ಒಪ್ಪುತ್ತೇನೆ. ಚಾಕು ಇರೋದು ಕೊಯ್ಯೋಕೆ, ತೂತು ಕೊರೆಯೋಕೆ ಅಲ್ಲ.

ಇನ್ನರ್ಧ ಯಾರದ್ದು ಅಂತ ತಿಳಿದದ್ದು ನಮ್ಮೂರ ಆಚಾರ್ರ ಕುಲುಮೆಯಲ್ಲಿ. ಅವರು ಅಲಗಿನ ಬಾಯಿಗೆ ಕಬ್ಬಿಣ ಉಜ್ಜುವ ಅರ ಇಟ್ಟು ಒಂದು ಸಲ ಎಳೆದರು. ಅರ ಕಚ್ಚಿಕೊಂಡು ಪುಡಿ ಉದುರಿತು. ಗಟ್ಟಿ ಉಕ್ಕಾಗಿದ್ದರೆ ಅಷ್ಟು ಸುಲಭಕ್ಕೆ ಕಚ್ಚದೆ ಜಾರುತ್ತಂತೆ. “ಇದಕ್ಕೆ ಹದ ಹಾಕೇ ಇಲ್ಲ ಮಾರಾಯ, ಮೊಳೆಯೂ ಇದೂ ಒಂದೇ” ಅಂದರು. ಡಮಾಸ್ಕಸ್ ಗೆರೆಯೂ ಬರೀ ಮೇಲೆ ಕೊರೆದ ಚಿತ್ರ. ನಿಜವಾದದ್ದರಲ್ಲಿ ಪದರ ಉಕ್ಕಿನ ಒಳಗೇ ಇರುತ್ತೆ, ಗೆರೆ ಅಲಗಿನ ಬೆನ್ನು ದಾಟಿ ಆ ಬದಿಗೂ ಹೋಗುತ್ತೆ. ನನ್ನದರ ಬೆನ್ನು ಬೋಳು.

ಮುಖ್ಯ ವಿಷಯ ಲಾಕಿನದ್ದು. ಇದನ್ನು ಲೈನರ್ ಲಾಕ್ ಅಂತಾರೆ. ಹಿಡಿಯ ಒಳಗೊಂದು ತೆಳು ತಗಡು ಇರುತ್ತೆ, ಅಲಗು ತೆರೆದ ತಕ್ಷಣ ಅದು ಪಕ್ಕಕ್ಕೆ ಚಿಮ್ಮಿ ಅಲಗಿನ ಬುಡಕ್ಕೆ ಒತ್ತು ಕೊಟ್ಟು ನಿಲ್ಲಬೇಕು. ಆಚಾರ್ರು ಬೆಳಕಿಗೆ ಹಿಡಿದು ತೋರಿಸಿದರು: ತಗಡಿನ ಅಂಚು ಮಾತ್ರ, ಉಗುರಿನ ದಪ್ಪದಷ್ಟೂ ಇಲ್ಲ, ಬುಡದ ಮೂಲೆಗೆ ತಾಗಿಕೊಂಡಿತ್ತು. ಟಕ್ ಅಂತ ಸದ್ದು ಬಂದರೆ ಲಾಕ್ ಕೂತಿದೆ ಅಂತಲ್ಲ! ಅಂಗಡಿಯಲ್ಲಿ ಕೊಳ್ಳುವುದಾದರೆ ಚಾಕು ತೆರೆದು ಒಳಗೆ ಕಣ್ಣಿಟ್ಟು ನೋಡಿ. ತಗಡು ತನ್ನ ಪೂರ್ತಿ ದಪ್ಪದಲ್ಲಿ ಬುಡದ ಹಿಂದೆ ಕೂತಿರಬೇಕು. ಅಲಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಲಟಲಟ ಅನ್ನಬಾರದು. ಬೆರಳು ದೂರ ಇಟ್ಟು ಅಲಗಿನ ಬೆನ್ನನ್ನು ಮರದ ಮೇಜಿಗೆ ಮೆಲ್ಲಗೆ ಒತ್ತಿ. ಮಡಚಿದರೆ ಅಲ್ಲೇ ಇಟ್ಟು ಬನ್ನಿ.

ನನಗೀಗ ಅನ್ನಿಸೋದು, ಕೆಟ್ಟ ಲಾಕ್ ಇರೋ ಚಾಕುಗಿಂತ ಲಾಕೇ ಇಲ್ಲದ್ದು ಎಷ್ಟೋ ಮೇಲು. ಅಜ್ಜನ ಚಾಕುವಲ್ಲಿ ಬೆನ್ನ ಹಿಂದೆ ಒಂದು ಸ್ಪ್ರಿಂಗ್ ಪಟ್ಟಿ ಇತ್ತು, ಅಷ್ಟೇ. ಮಡಚುತ್ತೆ ಅಂತ ಗೊತ್ತಿದ್ದರಿಂದ ಕೈ ತಾನಾಗೇ ಜೋಪಾನವಾಗಿರುತ್ತಿತ್ತು. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ (ಮಡಚಿದಾಗ) 91 ಮಿ.ಮೀ. ಉದ್ದದ ಚಾಕುಗಳಲ್ಲೂ ದೊಡ್ಡ ಅಲಗಿಗೆ ಲಾಕ್ ಇಲ್ಲ. ಲಾಕ್ ಬೇಕೇ ಬೇಕು ಅನ್ನುವವರಿಗೆ ಫ್ರಾನ್ಸಿನ ಒಪಿನೆಲ್ ಇದೆ. ಹಿಡಿಯ ಕತ್ತಿನಲ್ಲಿರುವ ಉಕ್ಕಿನ ಬಳೆ ತಿರುಗಿಸಿದರೆ ಅಲಗು ನಿಲ್ಲುತ್ತೆ, ಕೂತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ. 1955ರಿಂದ ಆ ಬಳೆ ಇದೆ. 8ನೇ ನಂಬರಿನದ್ದರ ಅಲಗು 8.5 ಸೆಂ.ಮೀ., ತೋಟಕ್ಕೆ ಧಾರಾಳ. ಆದರೆ ಮಲೆನಾಡಿನವರು ಅದರ ಸ್ಟೇನ್‌ಲೆಸ್ ಮಾದರಿಯನ್ನೇ ತಗೊಳ್ಳಿ. ಕಾರ್ಬನ್ ಉಕ್ಕಿನದ್ದು ನಮ್ಮ ಮಳೆಗೆ ತುಕ್ಕು ಹಿಡಿಯುತ್ತೆ, ಅಡಿಕೆ ಚೊಗರಿಗೆ (ಒಗರು ರಸಕ್ಕೆ) ಕಪ್ಪಾಗುತ್ತೆ.

ಇನ್ನೊಂದು ಮಾತು. ನನ್ನ ಚಾಕುವಿನ ಜಾಹೀರಾತಲ್ಲಿ ‘ಆತ್ಮರಕ್ಷಣೆಗೆ’ ಅಂತಲೂ ಇತ್ತು. ಆ ಮಾತು ನೋಡಿ ಕೊಳ್ಳಲೇಬೇಡಿ, ಪೊಲೀಸರು ಕೇಳಿದಾಗ ಬಾಯಿ ತಪ್ಪಿ ಹೇಳಲೂಬೇಡಿ. ವಿಮಾನ ಹತ್ತುವಾಗ ಕೈಚೀಲದಲ್ಲಿದ್ದರೆ ಅಲ್ಲೇ ಕಿತ್ತುಕೊಳ್ಳುತ್ತಾರೆ, ಚೆಕ್-ಇನ್ ಬ್ಯಾಗಿಗೆ ಹಾಕಿ.

ಮಾರಿದವರಿಗೆ ಫೋಟೋ ಕಳಿಸಿದೆ. ಬಳಸಿದ ವಸ್ತು ವಾಪಸ್ ಇಲ್ಲ ಅಂತ ಉತ್ತರ ಬಂತು, ಜೊತೆಗೆ ಐದು ಸ್ಟಾರ್ ಕೊಡಿ ಅಂತ ಕೋರಿಕೆ. ಸದ್ಯಕ್ಕೆ ಅಮ್ಮ ಅಡುಗೆಮನೆಯ ಹಳೇ ಪೀಶಕತ್ತಿಗೆ ಅಡಿಕೆ ಹಾಳೆಯಲ್ಲಿ ಒರೆ ಹೊಲಿದು ಕೊಟ್ಟಿದ್ದಾರೆ. ಮಡಚಲ್ಲ, ಟಕ್ ಅನ್ನಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೇನೆ.