ಟಿಮೋರ್-ಲೆಸ್ತೆಗೆ ಹೊರಡುವ ಮುನ್ನ ವಿಮಾ ಪತ್ರವನ್ನು ಪೂರ್ತಿ ಓದಿ

ಇಂಡೋನೇಷ್ಯಾದ ಪಕ್ಕದ ಪುಟ್ಟ ದೇಶ ಟಿಮೋರ್-ಲೆಸ್ತೆಯ ಅತಿ ಎತ್ತರದ ಶಿಖರವಾದ ರಾಮೆಲಾವ್ ಹತ್ತಲು ಹೊರಟು, ಅದರ ಬುಡವನ್ನೂ ಮುಟ್ಟದೆ ಕೈ ಮುರಿದುಕೊಂಡು ಮರಳಿದವನು ನಾನು. ಬಾಲಿಯವರೆಗೆ ಹೋದವರಿಗೆ ಅಲ್ಲಿಂದ ರಾಜಧಾನಿ ಡಿಲಿಗೆ ವಿಮಾನ ಹಿಡಿಯುವ ಆಸೆಯಾಗಬಹುದು. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1999ರ ಆಗಸ್ಟ್‌ನಲ್ಲಿ ಅಲ್ಲಿನ ಜನ ಇಂಡೋನೇಷ್ಯಾದಿಂದ ಬೇರೆಯಾಗಲು ಮತ ಹಾಕಿದ ಮೇಲೆ, ಸೇನೆಯ ಬೆಂಬಲವಿದ್ದ ಸಶಸ್ತ್ರ ಗುಂಪುಗಳು ಊರೂರುಗಳನ್ನೇ ಸುಟ್ಟುಹಾಕಿದವು. 2002ರ ಮೇ 20ರಂದು ಸ್ವತಂತ್ರವಾದ ದೇಶ ಶಾಲೆ, ಆಸ್ಪತ್ರೆ, ರಸ್ತೆಗಳನ್ನು ಬಹುಪಾಲು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಇದೆಲ್ಲ ತಿಳಿದಿದ್ದರೂ ನಾನು ಅಲ್ಲಿನ ದಾರಿಯನ್ನು ನಮ್ಮ ಘಾಟಿ ರಸ್ತೆಗಳ ಲೆಕ್ಕದಲ್ಲಿ ಅಳೆದದ್ದೇ ತಪ್ಪಾಯಿತು.

ಬೆಟ್ಟದೂರು ಮೌಬಿಸ್ಸೆಯ ಕಡೆಯಿಂದ ರಾಮೆಲಾವ್ ಬುಡದ ಹಳ್ಳಿ ಹಾತುಬುಯ್ಲಿಕೊಗೆ ದೂರವೇನೂ ಹೆಚ್ಚಿಲ್ಲ. ಆದರೆ ಅದು ಫೆಬ್ರವರಿ, ಅಲ್ಲಿನ ಮಳೆಗಾಲ. ಬಾಡಿಗೆ ಬೈಕಿನ ಹಿಂದಿನ ಚಕ್ರ ಕೆಂಪು ಕೆಸರಿನಲ್ಲಿ ಜಾರಿ, ನಾನು ಎಡ ಮುಂಗೈ ಊರಿ ಕಲ್ಲಿನ ಮೇಲೆ ಬಿದ್ದೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕಾಫಿ ತೋಟದಿಂದ ಬಂದ ಅಜ್ಜಿಯೊಬ್ಬರು ತಮ್ಮ ಹೆಗಲ ಮೇಲಿದ್ದ ತಾಯಿಸ್ ಎಂಬ ಕೈಮಗ್ಗದ ವಸ್ತ್ರವನ್ನು ಮಡಚಿ, ನನ್ನ ಕೈಯನ್ನು ಎದೆಗೆ ಒತ್ತಿ ಕಟ್ಟಿದರು. ನೋವಿನಲ್ಲೂ ಆ ಗಂಟಿನ ಬಿಗಿ ನನಗೆ ಧೈರ್ಯ ಕೊಟ್ಟಿತು. ಟ್ರಕ್ಕೊಂದು ಸಿಕ್ಕಿದ್ದು ಸಂಜೆಗೆ, ಡಿಲಿ ತಲುಪಿದ್ದು ಮರುದಿನ.

ಅಲ್ಲಿನ ವೈದ್ಯರು ಶ್ರದ್ಧೆಯಿಂದಲೇ ನೋಡಿದರು. ಆದರೆ ಮೂಳೆಗೆ ಶಸ್ತ್ರಚಿಕಿತ್ಸೆ ಬೇಕು, ಹೊರದೇಶಕ್ಕೆ ಹೋಗುವುದು ಒಳ್ಳೆಯದು ಎಂದರು. ವಿಮಾ ಕಂಪನಿಗೆ ಕರೆ ಮಾಡಿದಾಗ, ದ್ವಿಚಕ್ರ ವಾಹನ ಓಡಿಸುವಾಗ ಆದ ಗಾಯಕ್ಕೆ ಪರಿಹಾರವಿಲ್ಲವೆಂಬ ಷರತ್ತನ್ನು ಓದಿ ಹೇಳಿದರು. ಆ ಷರತ್ತು ನನ್ನ ಪತ್ರದ ಕೊನೆಯ ಪುಟಗಳಲ್ಲಿ ಮೊದಲಿನಿಂದಲೂ ಇತ್ತು. ಬೈಕ್ ಕೊಟ್ಟವನು ಒತ್ತೆಯಿಟ್ಟುಕೊಂಡಿದ್ದ ಪಾಸ್‌ಪೋರ್ಟ್ ಬಿಡಿಸಿಕೊಳ್ಳಲು ಇನ್ನೊಂದು ದಿನ ಹೋಯಿತು. ಪಾಸ್‌ಪೋರ್ಟನ್ನು ಯಾರಿಗೂ ಒತ್ತೆ ಕೊಡಬೇಡಿ.

ಹೋಗುವುದಾದರೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಮಳೆಯ ತಿಂಗಳುಗಳನ್ನು ಬಿಟ್ಟು, ದಾರಿ ಬಲ್ಲ ಸ್ಥಳೀಯ ಚಾಲಕನ ಜೀಪಿನಲ್ಲಿ ಬೆಟ್ಟ ಹತ್ತಿ. ಗಂಭೀರ ರೋಗಿಗಳನ್ನು ಅಲ್ಲಿಂದ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಒಯ್ಯುವುದುಂಟು. ಭಾರತೀಯರಾದ ನಮಗೆ ಆಸ್ಟ್ರೇಲಿಯಾಕ್ಕೆ ಹೋಗಲು ಮೊದಲೇ ವೀಸಾ ಬೇಕು. ಹಾಗಾಗಿ ತುರ್ತಿನಲ್ಲಿ ನಿಮ್ಮನ್ನು ಯಾವ ದೇಶಕ್ಕೆ ಒಯ್ಯುತ್ತಾರೆ, ಅಲ್ಲಿನ ವೀಸಾದ ವ್ಯವಸ್ಥೆ ಯಾರದು ಎಂಬುದನ್ನು ವಿಮಾ ಕಂಪನಿಯಿಂದ ಲಿಖಿತವಾಗಿ ಪಡೆದ ಮೇಲೆಯೇ ಟಿಕೆಟ್ ಕಾಯ್ದಿರಿಸಿ.