ಒಂದೇ ಬೆಟ್ಟದಲ್ಲಿ ನಾಲ್ಕು ಮನೆ: ಮೌಂಟ್ ಆಡಮ್ಸ್ ಹತ್ತುವವರು ರಾತ್ರಿ ಎಲ್ಲಿ ಮಲಗಬೇಕು?

ಬೋಸ್ಟನ್ನಿನಿಂದ ಉತ್ತರಕ್ಕೆ ಸುಮಾರು ಮೂರು ಗಂಟೆ ಕಾರು ಓಡಿಸಿದರೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ರ‍್ಯಾಂಡಾಲ್ಫ್ ಎಂಬ ಪುಟ್ಟ ಊರು ಸಿಗುತ್ತದೆ. ರಸ್ತೆ ಬದಿಯಲ್ಲಿ ನಿಂತು ತಲೆ ಎತ್ತಿದರೆ ಎದುರಿಗೇ ಮೌಂಟ್ ಆಡಮ್ಸ್. ಎತ್ತರ 1760 ಮೀಟರ್ ಚಿಲ್ಲರೆ. ನಮ್ಮ ಕುಮಾರ ಪರ್ವತ 1712 ಮೀಟರ್, ಅಂದರೆ ಹೆಚ್ಚುಕಮ್ಮಿ ಅಷ್ಟೇ. ಆದರೆ ಬರೀ ಎತ್ತರ ನೋಡಿ ಈ ಬೆಟ್ಟವನ್ನು ಅಳೆಯಬೇಡಿ. ಇದೇ ಸಾಲಿನ ಮೌಂಟ್ ವಾಷಿಂಗ್ಟನ್ ಮೇಲೆ 1934ರ ಏಪ್ರಿಲ್‌ನಲ್ಲಿ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿ ಬೀಸಿದ್ದು ದಾಖಲಾಗಿದೆ. 1500 ಮೀಟರ್ ದಾಟಿದ ಮೇಲೆ ಇಲ್ಲಿ ನೆರಳಿಗೆ ಒಂದು ಮರ ಇಲ್ಲ, ಬರೀ ಬಂಡೆ.

ಈ ಬೆಟ್ಟದ ಉತ್ತರ ಮಗ್ಗುಲಲ್ಲಿ ರಾತ್ರಿ ತಂಗಲು ಹಳೆಯ ಕಾಲದ ಕ್ಯಾಬಿನ್‌ಗಳಿವೆ. ಯಾವುದಕ್ಕೂ ರಸ್ತೆ ಇಲ್ಲ. ಹೆಗಲ ಮೇಲೆ ಸಾಮಾನು ಹೊತ್ತು, ನಡೆದೇ ಹೋಗಬೇಕು. ಮ್ಯಾಡಿಸನ್ ಸ್ಪ್ರಿಂಗ್ ಹಟ್, ಕ್ರ್ಯಾಗ್ ಕ್ಯಾಂಪ್, ಗ್ರೇ ನಾಬ್, ಲಾಗ್ ಕ್ಯಾಬಿನ್ ಈ ನಾಲ್ಕರಲ್ಲೂ ನಾನು ಮಲಗಿ ಎದ್ದಿದ್ದೇನೆ. ಬೋಸ್ಟನ್ ಕಡೆಯ ಕನ್ನಡದ ಗೆಳೆಯರು ಬೇಸಿಗೆ ಬಂತೆಂದರೆ "ಯಾವುದಕ್ಕೆ ಹೋಗೋಣ ಹೇಳಿ" ಅಂತ ಕೇಳುತ್ತಾರೆ. ಕೇಳುವವರೆಲ್ಲ ಮೊದಲು ತೋರಿಸುವುದು ಕ್ರ್ಯಾಗ್ ಕ್ಯಾಂಪಿನ ಫೋಟೋ. ನಾನು ಹೇಳುವುದು ಗ್ರೇ ನಾಬ್. ರಾತ್ರಿ ಕಳೆಯುವ ಜಾಗವನ್ನು ಕಿಟಕಿಯಾಚೆ ಏನು ಕಾಣುತ್ತದೆ ಅನ್ನುವುದರ ಮೇಲೆ ಆರಿಸಬಾರದು ಅನ್ನುವುದು ನನ್ನ ಅನುಭವ. ಕತ್ತಲಾದ ಮೇಲೆ ಹನ್ನೆರಡು ಗಂಟೆ ನಿಮ್ಮ ಜೊತೆ ಇರುವುದು ಗೋಡೆ, ನೀರು, ಪಕ್ಕದಲ್ಲಿ ಮಲಗಿದವರು. ನೋಟ ಅಲ್ಲ.

ಮೊದಲು ಮ್ಯಾಡಿಸನ್ ಹಟ್. ಅಪಲೇಚಿಯನ್ ಮೌಂಟನ್ ಕ್ಲಬ್ 1888ರಲ್ಲಿ ಇಲ್ಲಿ ಕಲ್ಲಿನ ಮನೆ ಕಟ್ಟಿತು. ಅವರ ಹಟ್‌ಗಳಲ್ಲಿ ಮೊದಲನೆಯದು ಇದೇ. ಆಡಮ್ಸ್ ಮತ್ತು ಮ್ಯಾಡಿಸನ್ ಶಿಖರಗಳ ನಡುವಿನ ತಗ್ಗಿನಲ್ಲಿ ಕೂತಿದೆ. ವ್ಯಾಲಿ ವೇ ಎಂಬ ದಾರಿಯಲ್ಲಿ ಆರು ಕಿಲೋಮೀಟರ್ ಏರು. ಮಗಳಿಗೆ ಒಂಬತ್ತು ವರ್ಷ ಆಗಿದ್ದಾಗ ಮನೆಮಂದಿಯೆಲ್ಲ ಆಗಸ್ಟ್‌ನಲ್ಲಿ ಹೋಗಿದ್ದೆವು. ಈ ದಾರಿ ಕೊನೆಯವರೆಗೂ ಮರಗಳ ಮರೆಯಲ್ಲೇ ಸಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ದೊಡ್ಡ ಧೈರ್ಯ.

ಒಳಗೆ ಕಾಲಿಟ್ಟ ಕೂಡಲೇ ಮಗಳು ಕೇಳಿದ್ದು, "ಅಪ್ಪಾ, ಚಾರ್ಜರ್ ಹಾಕೋದೆಲ್ಲಿ?" ಹಾಕುವ ಜಾಗವೇ ಇಲ್ಲ. ಸ್ನಾನವೂ ಇಲ್ಲ. ಆದರೆ ಸಂಜೆ ಆರಕ್ಕೆ ಬಿಸಿ ಊಟ, ಬೆಳಗ್ಗೆ ಏಳಕ್ಕೆ ತಿಂಡಿ. ಬಂಕ್ ಮೇಲೆ ಉಣ್ಣೆ ಕಂಬಳಿ, ದಿಂಬು. ಮೊದಲೇ ಹೇಳಿಟ್ಟಿದ್ದರಿಂದ ಸಸ್ಯಾಹಾರವೂ ಸಿಕ್ಕಿತು. ಊಟ ಬಡಿಸುವ ಹುಡುಗ ಹುಡುಗಿಯರೇ ವಾರಕ್ಕೆ ಎರಡು ಸಲ ಕೆಳಗಿಳಿದು, ತರಕಾರಿ, ಬೆಣ್ಣೆ, ಮೊಟ್ಟೆಯನ್ನೆಲ್ಲ ಮರದ ಚೌಕಟ್ಟಿಗೆ ಕಟ್ಟಿ, ಬೆನ್ನ ಮೇಲೆ ಹೊತ್ತು ತರುತ್ತಾರೆ. ಇಳಿಯುವಾಗ ಅವರಲ್ಲಿ ಒಬ್ಬಳು ಎದುರಾದಳು. ಹೊರೆ ಅವಳ ತಲೆಗಿಂತ ಎರಡು ಅಡಿ ಮೇಲಿತ್ತು. ನಾವು ಬದಿಗೆ ಸರಿದು ದಾರಿ ಬಿಟ್ಟೆವು. ಹಿಂದಿನ ರಾತ್ರಿ ತಿಂದ ಅನ್ನಕ್ಕೆ ಆಗ ಬೆಲೆ ಗೊತ್ತಾಯಿತು.

ಐವತ್ತೆರಡು ಜನ ಮಲಗುವ ಜಾಗ ಇದು. ತುಂಬಿದ ದಿನ ಮದುವೆ ಛತ್ರದಲ್ಲಿ ಮಲಗಿದ ಹಾಗೇ ಇರುತ್ತದೆ. ಗೊರಕೆ, ಚೀಲದ ಜಿಪ್ಪಿನ ಸದ್ದು, ನಡುರಾತ್ರಿ ಓಡಾಟ. ಮೊದಲೇ ಬುಕ್ ಮಾಡಬೇಕು. ತಲೆಗೆ ನೂರು ಡಾಲರಿಗಿಂತ ಜಾಸ್ತಿಯೇ ಬೀಳುತ್ತದೆ. ತೆರೆದಿರುವುದೂ ಬೇಸಿಗೆಯಲ್ಲಿ ಮಾತ್ರ. ಮಕ್ಕಳಿದ್ದರೆ, ವಯಸ್ಸಾದ ಅಪ್ಪ ಅಮ್ಮ ಊರಿನಿಂದ ಬಂದಿದ್ದು ಅವರಿಗೆ ನಡೆಯುವ ಅಭ್ಯಾಸ ಇದ್ದರೆ, ಕಣ್ಣು ಮುಚ್ಚಿಕೊಂಡು ಇಲ್ಲಿಗೇ ಹೋಗಿ. ನಾನು ಇನ್ನೊಮ್ಮೆ ಹೋಗುವುದು ಮಾತ್ರ ಅಂಥವರು ಜೊತೆಗಿದ್ದಾಗಲೇ.

ಉಳಿದ ಮೂರನ್ನು ನೋಡಿಕೊಳ್ಳುವುದು ರ‍್ಯಾಂಡಾಲ್ಫ್ ಮೌಂಟನ್ ಕ್ಲಬ್. 1910ರಲ್ಲಿ ಊರಿನವರು, ಬೇಸಿಗೆಗೆ ಬರುವವರು ಸೇರಿ ಕಟ್ಟಿದ ಸಂಸ್ಥೆ. ಇಲ್ಲಿ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಜಾಗ. ಬಾಡಿಗೆ ಮ್ಯಾಡಿಸನ್‌ಗೆ ಹೋಲಿಸಿದರೆ ತೀರಾ ಕಡಿಮೆ. ಊಟ ಇಲ್ಲ, ಹಾಸಿಗೆ ಹೊದಿಕೆ ಇಲ್ಲ, ಕಸದ ಬುಟ್ಟಿಯೂ ಇಲ್ಲ. ಹೊತ್ತು ತಂದಿದ್ದನ್ನೆಲ್ಲ, ಟೀ ಚೀಲದ ದಾರವನ್ನೂ ಸೇರಿಸಿ, ವಾಪಸ್ ಹೊತ್ತುಕೊಂಡೇ ಇಳಿಯಬೇಕು.

ಕ್ರ್ಯಾಗ್ ಕ್ಯಾಂಪ್ ಇರುವುದು ಕಿಂಗ್ ರವೀನ್ ಎಂಬ ದೊಡ್ಡ ಕಣಿವೆಯ ಅಂಚಿನಲ್ಲಿ. ಅಂಚು ಅಂದರೆ ನಿಜವಾಗಿಯೂ ಅಂಚು. ಮನೆಯ ಮುಂದೆ ನಾಲ್ಕು ಹೆಜ್ಜೆ, ಆಮೇಲೆ ಆಳ. ಕಣಿವೆಯ ತಳದ ಬಂಡೆಗಳ ಸಂದಿಯಲ್ಲಿ ಬೇಸಿಗೆಯಲ್ಲೂ ಮಂಜುಗಡ್ಡೆ ಕರಗದೆ ಉಳಿದಿರುತ್ತದೆ. ನಾನು, ನನ್ನ ಹೆಂಡತಿ ಜುಲೈನಲ್ಲಿ ಹೋಗಿದ್ದೆವು. ಬೆಳಗ್ಗೆ ಎದುರಿನ ಡುರಾಂಡ್ ಏಣಿನ ಹಿಂದಿನಿಂದ ಬೆಳಕು ಮೇಲೆದ್ದು, ಕಣಿವೆಯೊಳಗೆ ಸ್ವಲ್ಪ ಸ್ವಲ್ಪವೇ ಇಳಿಯಿತು. ನೋಟದ ವಿಷಯದಲ್ಲಿ ನಾಲ್ಕರಲ್ಲಿ ಇದಕ್ಕೆ ಸಾಟಿ ಇಲ್ಲ, ಒಪ್ಪುತ್ತೇನೆ.

ಇಲ್ಲಿ ಇನ್ನೊಂದು ವಿಶೇಷ ಇದೆ. ಒಳಗೊಂದು ಹಳೆಯ ಪಂಪ್ ಆರ್ಗನ್ ಇಟ್ಟಿದ್ದಾರೆ. ಕಂಪನಿ ನಾಟಕ ನೋಡಿದವರಿಗೆ ಗೊತ್ತಿರುವ ಲೆಗ್ ಹಾರ್ಮೋನಿಯಂನ ಅಣ್ಣ ಅನ್ನಿ. ಯಾರು ಬೇಕಾದರೂ ನುಡಿಸಬಹುದು. ನನ್ನವಳು ಮೆಲ್ಲಗೆ ಕಾಲು ತುಳಿಯುತ್ತಾ ಮಾಯಾಮಾಳವಗೌಳದಲ್ಲಿ ಸರಳೆ ವರಸೆ ನುಡಿಸಿದಳು. ಸ್ಟವ್ ಮೇಲೆ ನೂಡಲ್ಸ್ ಕುದಿಸುತ್ತಿದ್ದ ಇಬ್ಬರು ಹುಡುಗರು ಚಮಚ ಕೆಳಗಿಟ್ಟು ಕೇಳಿದರು. 1290 ಮೀಟರ್ ಎತ್ತರದಲ್ಲಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ, ಸ ರಿ ಗ ಮ. ಆ ಸಂಜೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಗಿದ್ದೂ ನಾನು ಇದನ್ನು ಎರಡನೆಯದಾಗಿ ಇಡುತ್ತೇನೆ. ಫೋಟೋ ನೋಡಿಯೇ ಜನ ಬರುವುದರಿಂದ ಬೇಸಿಗೆಯ ಶನಿವಾರ ಇಲ್ಲಿ ಇಪ್ಪತ್ತು ಜನರ ಜಾಗ ಬೇಗ ತುಂಬುತ್ತದೆ. ಅಂಚಿನಲ್ಲಿರುವುದರಿಂದ ಗಾಳಿ ಎದ್ದರೆ ಮನೆಯೇ ಗುಂಯ್‌ಗುಡುತ್ತದೆ. ಚಳಿಗಾಲದಲ್ಲಿ ಇಲ್ಲಿ ಬೆಂಕಿ ಕಾಯಿಸುವ ವ್ಯವಸ್ಥೆ ಇಲ್ಲ. ಮೋಡ ಕವಿದ ದಿನ ಹೋದರೆ ಆ ಕಿಟಕಿಯಲ್ಲಿ ಕಾಣುವುದು ಬಿಳಿ ಬಟ್ಟೆ ಒಣಹಾಕಿದ ಹಾಗೆ ಬರೀ ಮಂಜು. ಈ ಬೆಟ್ಟದಲ್ಲಿ ಅಂಥ ದಿನಗಳೇ ಜಾಸ್ತಿ.

ಕ್ರ್ಯಾಗ್‌ನಿಂದ ಅರ್ಧ ಮುಕ್ಕಾಲು ಕಿಲೋಮೀಟರ್ ಕಾಡಿನೊಳಗೆ ನಡೆದರೆ ಗ್ರೇ ನಾಬ್. ಸುತ್ತ ಗಿಡ್ಡ ಫರ್, ಸ್ಪ್ರೂಸ್ ಮರಗಳು ಒತ್ತಾಗಿ ಬೆಳೆದಿವೆ. ಮನೆ ಹದಿನೈದು ಜನಕ್ಕೆ ಸಾಕು. ಹೊರಗಿನಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. ಇಲ್ಲಿ ವರ್ಷವಿಡೀ ಒಬ್ಬ ಕೇರ್‌ಟೇಕರ್ ಇರುತ್ತಾರೆ, ಗೋಡೆಗಳು ಚಳಿ ತಡೆಯುವ ಹಾಗೆ ಕಟ್ಟಿವೆ, ಚಳಿಗಾಲಕ್ಕೆ ಒಂದು ಸೌದೆ ಒಲೆ ಇದೆ. ನನ್ನ ಮಟ್ಟಿಗೆ ತೀರ್ಮಾನ ಈ ಮೂರು ಕಾರಣಗಳಲ್ಲೇ ಮುಗಿಯಿತು.

ಜನವರಿಯಲ್ಲಿ ಹೆಂಡತಿಯ ತಮ್ಮನ ಜೊತೆ ಹೋಗಿದ್ದೆ. ಲೋವ್ಸ್ ಪಾತ್ ಎಂಬ ದಾರಿಯಲ್ಲಿ ಐದು ಕಿಲೋಮೀಟರ್, ಒಂಬೈನೂರು ಮೀಟರ್ ಏರು. ಬೇಸಿಗೆಯಲ್ಲಿ ಮೂರು ಮೂರೂವರೆ ಗಂಟೆ ಸಾಕು. ನಾವು ಹಿಮದಲ್ಲಿ ಕಾಲು ಹೂತುಹೋಗದ ಹಾಗೆ ಬೂಟಿಗೆ ಸ್ನೋಶೂ ಕಟ್ಟಿಕೊಂಡು ಒಂಬತ್ತಕ್ಕೆ ಹೊರಟವರು ಸೇರುವಾಗ ಮಧ್ಯಾಹ್ನ ಎರಡೂವರೆ. ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಒಲೆ ಹಚ್ಚುವುದು ಬಿಡುವುದು ಕೇರ್‌ಟೇಕರ್ ಕೈಯಲ್ಲಿದೆ, ನಾವಾಗಿಯೇ ಮುಟ್ಟುವ ಹಾಗಿಲ್ಲ. ಸೌದೆಯನ್ನು ಅಷ್ಟು ಮೇಲಕ್ಕೆ ತರುವ ಕಷ್ಟ ನೆನೆಸಿಕೊಂಡರೆ ಅದು ಸರಿಯೇ. ಕತ್ತಲಾಗುವ ಹೊತ್ತಿಗೆ ಅವರು ಒಲೆ ಹಚ್ಚಿದರು. ಬಿಸಿ ಅಂದರೆ ಮನೆಯ ಬಿಸಿ ಅಲ್ಲ. ಬಾಯಿಯಿಂದ ಬರುವ ಆವಿ ಕಾಣುವುದು ನಿಂತಿತು, ಕೈಗವಸು ತೆಗೆಯಬಹುದಾಯಿತು. ಆ ಹೊತ್ತಿಗೆ ಅಷ್ಟೇ ಸಾಕಾಗಿತ್ತು.

ಅಮ್ಮ ಊರಿನಿಂದ ಕಳಿಸಿದ್ದ ರಾಗಿ ಹುರಿಹಿಟ್ಟು ಚೀಲದಲ್ಲಿತ್ತು. ಬೆಟ್ಟಕ್ಕೆ ಇದಕ್ಕಿಂತ ಒಳ್ಳೆಯ ಆಹಾರ ನಾನು ನೋಡಿಲ್ಲ. ಹಗುರ, ಕೆಡುವುದಿಲ್ಲ, ಬೇಯಿಸಬೇಕಾಗಿಲ್ಲ. ಬಿಸಿನೀರಿಗೆ ಬೆಲ್ಲದ ಪುಡಿ ಹಾಕಿ, ಹಿಟ್ಟು ಕಲಸಿ, ಮೇಲೆ ಒಂದು ಚಮಚ ತುಪ್ಪ. ಹುರಿದ ರಾಗಿಯ ಘಮ ಮನೆಯೆಲ್ಲ ಹರಡಿತು. ಮೇಜಿನ ಆಚೆ ಕೂತಿದ್ದ ವಯಸ್ಸಾದ ಗಂಡಹೆಂಡತಿ "ಏನದು?" ಅಂತ ಕೇಳಿ, ಒಂದೊಂದು ಉಂಡೆ ತಿಂದು, ಹೆಸರು ಬರೆದುಕೊಂಡರು. ಮಲಗುವ ಮುಂಚೆ ಕೇರ್‌ಟೇಕರ್ ನಾಳೆ ಮೇಲೆ ಗಾಳಿ ಹೇಗಿರುತ್ತದೆ ಅಂತ ಹೇಳಿದರು. ಶಿಖರಕ್ಕೆ ಹೋಗುವುದು ಬೇಡ ಅಂತ ನಾವು ಅಲ್ಲೇ ತೀರ್ಮಾನ ಮಾಡಿದೆವು. ಇಂಥ ಮಾತು ಹೇಳುವ ಒಬ್ಬ ಮನುಷ್ಯ ಚಳಿಗಾಲದ ಬೆಟ್ಟದಲ್ಲಿ ಇರುವುದು ಎಷ್ಟು ದೊಡ್ಡದು ಅಲ್ವಾ?

ರಾತ್ರಿ ಒಲೆ ಆರುತ್ತದೆ. ಬೆಳಗ್ಗೆ ಐದಕ್ಕೆ ಕಿವಿಯ ಹತ್ತಿರ ದನಿ: "ಭಾವಾ, ನೀರು ಕಲ್ಲಾಗಿದೆ." ಅವನ ಬಾಟಲಿ ಬಾಯಿಯಿಂದಲೇ ಹೆಪ್ಪುಗಟ್ಟಿತ್ತು. ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು. ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಮುಚ್ಚಳದ ಕಡೆ ನೀರು ನೀರಾಗಿಯೇ ಉಳಿಯುತ್ತದೆ. ಇನ್ನೂ ಒಳ್ಳೆಯದು ಅಂದರೆ, ಬಿಸಿನೀರು ತುಂಬಿ ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಹತ್ತಿರ ಇಟ್ಟುಕೊಳ್ಳುವುದು. ಪಾದವೂ ಬೆಚ್ಚಗೆ, ಬೆಳಗ್ಗೆ ಕುಡಿಯಲು ನೀರೂ ಸಿದ್ಧ. ಹಿಮ ಕರಗಿಸುವುದಾದರೆ ಪಾತ್ರೆಯ ತಳದಲ್ಲಿ ಸ್ವಲ್ಪ ನೀರು ಇರಲೇಬೇಕು. ಬರೀ ಹಿಮ ಹಾಕಿ ಉರಿ ಹಚ್ಚಿದರೆ ಪಾತ್ರೆ ಸೀಯುತ್ತದೆ, ನೀರಿಗೆ ಆ ವಾಸನೆ ಹಿಡಿಯುತ್ತದೆ.

ಗ್ರೇ ನಾಬ್‌ನಿಂದ ಹತ್ತಿಪ್ಪತ್ತು ನಿಮಿಷ ಮೇಲಕ್ಕೆ ಹೋದರೆ ಮರಗಳು ಮುಗಿದು ಬಯಲು ಬರುತ್ತದೆ. ನೋಟ ಬೇಕಾದವರು ಅಲ್ಲಿಗೆ ಹೋಗಿ ಬರಬಹುದು. ನೋಡಿ ಬಂದು ಬೆಚ್ಚಗೆ ಮಲಗಬಹುದು.

ಇನ್ನು ಲಾಗ್ ಕ್ಯಾಬಿನ್. ಲೋವ್ಸ್ ಪಾತ್‌ನಲ್ಲೇ, ಗ್ರೇ ನಾಬ್‌ಗಿಂತ ಮುನ್ನೂರು ಮೀಟರಿಗೂ ಜಾಸ್ತಿ ಕೆಳಗೆ ಸಿಗುತ್ತದೆ. ಈ ಜಾಗದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ಕ್ಯಾಬಿನ್ ಇದೆ. ಹತ್ತು ಜನಕ್ಕೆ ಜಾಗ. ಪೂರ್ತಿ ಮುಚ್ಚಿದ ಮನೆ ಅಲ್ಲ, ಗಾಳಿ ಆಡುತ್ತದೆ. ಬೆಂಕಿ ಹಾಕುವ ಹಾಗಿಲ್ಲ. ಅಕ್ಟೋಬರ್‌ನಲ್ಲಿ ಒಬ್ಬನೇ ಹೋಗಿದ್ದೆ. ರಾತ್ರಿಯಿಡೀ ಪಕ್ಕದ ತೊರೆಯ ಸದ್ದು, ತಗಡಿನ ಮೇಲೆ ಮಳೆ. ಗಾಢ ನಿದ್ದೆ ಬಂತು. ಗೊಜ್ಜವಲಕ್ಕಿಯ ಚೀಲವನ್ನು ಮೊಳೆಗೆ ತೂಗುಹಾಕದೆ ತಲೆಯ ಹತ್ತಿರ ಇಟ್ಟುಕೊಂಡಿದ್ದೆ. ಬೆಳಗ್ಗೆ ನೋಡಿದರೆ ಮೂಲೆಯಲ್ಲಿ ಕಡಲೆಬೀಜದಷ್ಟು ತೂತು, ಹಲಗೆಯ ಮೇಲೆ ಅವಲಕ್ಕಿಯ ಸಣ್ಣ ಸಾಲು. ಇಲಿಗಳ ಕಾಡಿನಲ್ಲಿ ತಿನ್ನುವ ವಸ್ತು ನೆಲದ ಮೇಲೆ ಇಡಬಾರದು. ಒಂದು ಗಟ್ಟಿ ದಾರ ಜೊತೆಗಿರಲಿ.

ಲಾಗ್ ಕ್ಯಾಬಿನ್ನನ್ನು ಗುರಿಯಾಗಿ ಇಟ್ಟುಕೊಂಡು ಹೋಗಿ ಅಂತ ನಾನು ಹೇಳುವುದಿಲ್ಲ. ತಡವಾಗಿ ಹೊರಟಾಗ, ಜೊತೆಯವರ ಮಂಡಿ ನೋವು ಶುರುವಾದಾಗ, ಮೇಲೆ ಗಾಳಿ ಜೋರಾಗಿರುವಾಗ ಇದು ದಾರಿಯಲ್ಲೇ ಇದೆ ಅನ್ನುವುದು ನೆನಪಿರಲಿ. ಗ್ರೇ ನಾಬ್‌ಗೆ ಲೋವ್ಸ್ ಪಾತ್ ಹಿಡಿಯಿರಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಹೋಗುವವರಿಗೆ ಕಾಲದ ಬಗ್ಗೆ ಒಂದು ಮಾತು. ಮೇ ಕೊನೆ, ಜೂನ್ ಬೇಡ. ಕಪ್ಪು ನೊಣ ಮುತ್ತಿಕೊಂಡು ಕಿವಿಯ ಹಿಂದೆ ರಕ್ತ ಬರಿಸುತ್ತದೆ. ಮೊದಲ ಸಲ ಆದರೆ ಸೆಪ್ಟೆಂಬರ್ ಕೊನೆಯ ವಾರ, ಶನಿವಾರ ಬಿಟ್ಟು ಬೇರೆ ದಿನ ಹೋಗಿ. ಮಧ್ಯಾಹ್ನ ಮೂರು ಗಂಟೆಯೊಳಗೆ ಗ್ರೇ ನಾಬ್ ಸೇರಿ. ತುಂಬಿದ್ದರೆ ಕ್ರ್ಯಾಗ್ ಕ್ಯಾಂಪ್‌ಗೆ ಬೆಳಕಿದ್ದಾಗಲೇ ನಡೆದುಬಿಡಬಹುದು. ಹುರಿಹಿಟ್ಟು ಒಂದು ಪಾವು ಜಾಸ್ತಿಯೇ ಇರಲಿ, ಮೇಜಿನ ಆಚೆ ಕೂತವರು ಕೇಳಿಯೇ ಕೇಳುತ್ತಾರೆ.